ನಿನ್ನೆ ಎಸ್‌ಡಿಸಿ, ಇವತ್ತು ಎಸ್‌ಡಿಬಿ: ಡಿವೈಸ್ ಫೈಲ್ ಹೆಸರು ಕೈಕೊಟ್ಟಾಗ ಹುಡುಕುವ ದಾರಿ

ಒಂದು ಸಂಜೆ ಕಂಪ್ಯೂಟರ್‌ನಿಂದ ಬೇಡದ ಹಳೇ ಡಿಸ್ಕ್ ಒಂದನ್ನು ಬಿಚ್ಚಿ ತೆಗೆದಿದ್ದೆ. ಮರುದಿನ ಬೆಳಿಗ್ಗೆ ಆನ್ ಮಾಡಿದರೆ ಲಿನಕ್ಸ್ ಅರ್ಧ ದಾರಿಯಲ್ಲಿ ನಿಂತಿತು. /ಡೆವ್/ಎಸ್‌ಡಿಸಿ1 ಬರಲಿ ಅಂತ 90 ಸೆಕೆಂಡ್ ಕಾಯಿತು. ಆಮೇಲೆ ಎಮರ್ಜೆನ್ಸಿ ಮೋಡ್, ಅಂದರೆ ರಿಪೇರಿಗೆ ಮಾತ್ರ ಬರುವ ಕಮಾಂಡ್ ಪರದೆ. ಡೇಟಾ ಇದ್ದ ಡಿಸ್ಕೇ ಹೋಯಿತು ಎಂದುಕೊಂಡು ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ. ಅರ್ಧ ದಿನ ಹೋಯಿತು. ಡಿಸ್ಕ್‌ಗೆ ಏನೂ ಆಗಿರಲಿಲ್ಲ. ಮೂರರಲ್ಲಿ ಒಂದು ಡಿಸ್ಕ್ ಕಡಿಮೆ ಆದ ಕಾರಣ ಎಸ್‌ಡಿಸಿ ಆಗಿದ್ದದ್ದು ಎಸ್‌ಡಿಬಿ ಆಗಿತ್ತು. ಯಾವ ಡಿಸ್ಕ್ ಯಾವ ಫೋಲ್ಡರ್‌ಗೆ ಜೋಡಿಸಬೇಕು ಅನ್ನೋ ಮೌಂಟ್ ಪಟ್ಟಿ ಮಾತ್ರ ಹಳೇ ಹೆಸರನ್ನೇ ಕೂಗುತ್ತಿತ್ತು.

ಇಂಥ ತೊಂದರೆಗಳಲ್ಲಿ ಬಹಳಷ್ಟಕ್ಕೆ ಮೂಲ ಒಂದೇ. ಲಿನಕ್ಸ್‌ನಲ್ಲಿ ಪ್ರತಿ ಸಾಧನವೂ /ಡೆವ್ ಫೋಲ್ಡರ್‌ನಲ್ಲಿ ಒಂದು ಫೈಲ್ ಆಗಿ ಕಾಣುತ್ತದೆ, ಅದೇ ಡಿವೈಸ್ ಫೈಲ್. ಅಲ್ಲಿನ ಎಸ್‌ಡಿಎ, ಎಸ್‌ಡಿಬಿ (ಡಿಸ್ಕ್‌ಗಳು), ಟಿಟಿವೈಯುಎಸ್‌ಬಿ0 (ಯುಎಸ್‌ಬಿ ಸೀರಿಯಲ್ ಪೋರ್ಟ್) ಇವೆಲ್ಲ ಸರತಿಯಲ್ಲಿ ಕೊಡುವ ಟೋಕನ್ ಇದ್ದ ಹಾಗೆ. ಮೊದಲು ಬಂದವರಿಗೆ ಮೊದಲ ನಂಬರ್. ನಾಳೆ ಅದೇ ಮನುಷ್ಯ ಬಂದರೂ ಅದೇ ಟೋಕನ್ ಸಿಗುತ್ತದೆ ಅನ್ನೋ ಖಾತ್ರಿ ಇಲ್ಲ. ನಾವು ಅದನ್ನು ಮನೆ ವಿಳಾಸ ಅಂತ ತಿಳಿದು ಸೆಟ್ಟಿಂಗ್ ಬರೆದುಬಿಡುತ್ತೇವೆ.

ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದ ಹಾಗೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಹೊಡೆಯುವಾಗ ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ ಹೊಡೆಯಿರಿ. ದೊಡ್ಡಕ್ಷರ ಬೇಕಾದಲ್ಲಿ ಹೇಳುತ್ತೇನೆ.

ಹೆಸರಿನ ಹಿಂದೆ ಏನಿದೆ

'ಎಲ್‌ಎಸ್ -ಎಲ್ /ಡೆವ್/ಎಸ್‌ಡಿಬಿ' ಅಂತ ಹೊಡೆದು ಆ ಒಂದೇ ಸಾಲನ್ನು ನಿಧಾನವಾಗಿ ನೋಡಿ. ಸಾಲಿನ ಮೊದಲ ಅಕ್ಷರ 'ಬಿ'. ಅಂದರೆ ಬ್ಲಾಕ್ ಡಿವೈಸ್, ಡಿಸ್ಕ್ ಜಾತಿಯದು. ಸೀರಿಯಲ್ ಪೋರ್ಟ್ ಆಗಿದ್ದರೆ 'ಸಿ' ಇರುತ್ತದೆ, ಕ್ಯಾರೆಕ್ಟರ್ ಡಿವೈಸ್. ಮಾಮೂಲಿ ಫೈಲ್‌ಗೆ ಸೈಜ್ ಬರುವ ಜಾಗದಲ್ಲಿ ಇಲ್ಲಿ ಎರಡು ಅಂಕಿ ಇವೆ: 8, 16. ಮೊದಲನೆಯದು ಮೇಜರ್ ನಂಬರ್, ಯಾವ ಡ್ರೈವರ್ ಅನ್ನೋದಕ್ಕೆ. ಎರಡನೆಯದು ಮೈನರ್ ನಂಬರ್, ಆ ಡ್ರೈವರ್ ಕೈಕೆಳಗಿನ ಎಷ್ಟನೆಯದು ಅನ್ನೋದಕ್ಕೆ. ಎಸ್‌ಡಿಎಗೆ 8, 0. ಅದರ ಮೊದಲ ಪಾರ್ಟಿಷನ್ ಎಸ್‌ಡಿಎ1ಕ್ಕೆ 8, 1. ಪ್ರತಿ ಡಿಸ್ಕ್‌ಗೆ 16 ಮೈನರ್ ನಂಬರ್ ಮೀಸಲು, ಅದಕ್ಕೇ ಎಸ್‌ಡಿಬಿ 16ರಿಂದ ಶುರು.

ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಬೇಕಿರುವುದು ಆ ಜಾತಿ ಮತ್ತು ಈ ಎರಡು ಅಂಕಿ ಮಾತ್ರ. ಹೆಸರು ಇರುವುದು ನಮಗೋಸ್ಕರ. ಹಳೇ ಐಡಿಇ ಡಿಸ್ಕ್‌ಗಳ ಕಾಲದಲ್ಲಿ ಹೆಸರು ಕೂತ ಜಾಗಕ್ಕೆ ಸೇರಿತ್ತು: ಎಚ್‌ಡಿಎ ಅಂದರೆ ಮೊದಲ ಕೇಬಲ್‌ನ ಮಾಸ್ಟರ್, ಎಚ್‌ಡಿಸಿ ಅಂದರೆ ಎರಡನೇ ಕೇಬಲ್‌ನ ಮಾಸ್ಟರ್. ನಡುವಿನ ಎಚ್‌ಡಿಬಿ ಖಾಲಿ ಇದ್ದರೂ ಎಚ್‌ಡಿಸಿ ಹೆಸರು ಬದಲಾಗುತ್ತಿರಲಿಲ್ಲ. ಎಸ್‌ಡಿ ಹೆಸರು ಹಾಗಲ್ಲ, ಕಂಡ ಕ್ರಮದಲ್ಲಿ ಬರುತ್ತದೆ.

ಈ ಫೈಲ್‌ಗಳನ್ನು ಯಾರು ಮಾಡುತ್ತಾರೆ ಅನ್ನೋದು ಗೊತ್ತಿದ್ದರೆ ಅರ್ಧ ಹುಡುಕಾಟ ಉಳಿಯುತ್ತದೆ. ಮೊದಲೆಲ್ಲ ಇರುವ, ಇಲ್ಲದ ಎಲ್ಲಾ ಸಾಧನಗಳಿಗೂ ಒಂದು ಸ್ಕ್ರಿಪ್ಟ್ ಮುಂಚೆಯೇ ನೂರಾರು ಫೈಲ್ ಮಾಡಿ ಇಡುತ್ತಿತ್ತು. ಆಮೇಲೆ ಲಿನಕ್ಸ್‌ಗೆ, ಇರುವ ಸಾಧನಗಳಿಗೆ ಮಾತ್ರ ಫೈಲ್ ಮಾಡುವ ಡೆವ್‌ಎಫ್‌ಎಸ್ ಬಂತು. 2003ರಲ್ಲಿ ಗ್ರೆಗ್ ಕ್ರೋ-ಹಾರ್ಟ್‌ಮನ್ ಅದರ ಬದಲಿಗೆ ಯುಡೆವ್ ಅನ್ನೋ ಪ್ರೋಗ್ರಾಂ ತಂದರು, 2006ರಲ್ಲಿ 2.6.18 ಕರ್ನಲ್‌ನಿಂದ ಡೆವ್‌ಎಫ್‌ಎಸ್ ತೆಗೆದುಹಾಕಿದರು. 2009ರಲ್ಲಿ 2.6.32 ಜೊತೆ, ಕರ್ನಲ್ ತಾನೇ ಈ ಫೈಲ್‌ಗಳನ್ನು ಮಾಡುವ ಡೆವ್‌ಟಿಎಂಪಿಎಫ್‌ಎಸ್ ಬಂತು. ಈಗಿನ ಏರ್ಪಾಟಿನಲ್ಲಿ ಎರಡು ಕೈಗಳಿವೆ. ಎಸ್‌ಡಿಬಿ ಅನ್ನೋ ಫೈಲ್ ಹುಟ್ಟಿಸುವುದು ಕರ್ನಲ್. ಅದಕ್ಕೆ ಗ್ರೂಪ್, ಪರ್ಮಿಷನ್, ಉದ್ದ ಹೆಸರಿನ ಲಿಂಕ್‌ಗಳನ್ನು ಸೇರಿಸುವುದು ಯುಡೆವ್. ಫೈಲೇ ಇಲ್ಲ ಅಂದರೆ ಕರ್ನಲ್ ಕಡೆ ನೋಡಿ. ಫೈಲ್ ಇದೆ, ಲಿಂಕ್ ಇಲ್ಲ ಅಥವಾ ಪರ್ಮಿಷನ್ ಸರಿ ಇಲ್ಲ ಅಂದರೆ ಯುಡೆವ್ ಕಡೆ ನೋಡಿ.

ಮೊದಲು: ಕರ್ನಲ್‌ಗೆ ಸಾಧನ ಕಂಡಿದೆಯಾ

ಒಂದು ಟರ್ಮಿನಲ್‌ನಲ್ಲಿ 'ಡಿಎಂಇಎಸ್‌ಜಿ -ಡಬ್ಲ್ಯು' ಓಡಿಸಿಟ್ಟು, ಸಾಧನ ಕಿತ್ತು ಮತ್ತೆ ಚುಚ್ಚಿ. ಸಾಲುಗಳು ಉದುರಬೇಕು.

ಒಂದು ಸಾಲೂ ಬರಲಿಲ್ಲ ಅಂದರೆ ಹೆಸರಿನ ವಿಷಯಕ್ಕೆ ಹೋಗಲೇಬೇಡಿ. ಕೇಬಲ್, ಪೋರ್ಟ್, ಪವರ್ ಇವೇ ಕಾರಣ. ಯುಎಸ್‌ಬಿ ಕೇಬಲ್‌ಗಳಲ್ಲಿ ಬರೀ ಚಾರ್ಜ್ ಮಾಡುವ, ಡೇಟಾ ತಂತಿಯೇ ಇಲ್ಲದ ಜಾತಿ ಇದೆ. ಹೊರಗಿಂದ ನೋಡಿದರೆ ಗೊತ್ತಾಗುವುದಿಲ್ಲ. ಇನ್ನೊಂದು ಕೇಬಲ್ ಹಾಕಿ ನೋಡುವುದೇ ಪರೀಕ್ಷೆ.

ಯುಎಸ್‌ಬಿ ಸಾಧನ ಬಂತು ಅನ್ನೋ ಸಾಲು ಇದೆ, ಕಂಪನಿ ನಂಬರ್, ಮಾಡೆಲ್ ನಂಬರ್ ಎಲ್ಲಾ ಕಾಣುತ್ತದೆ, ಆದರೆ ಎಸ್‌ಡಿಬಿ ಅಥವಾ ಟಿಟಿವೈಯುಎಸ್‌ಬಿ0 ಅಂತ ಹೆಸರು ಬರಲೇ ಇಲ್ಲ. ಹೀಗಾದರೆ ಡ್ರೈವರ್ ಸಿಕ್ಕಿಲ್ಲ. ಇದಕ್ಕೆ ತುಂಬಾ ಸಲ ಕಂಡಿರುವ ಕಾರಣ: ಅಪ್‌ಡೇಟ್ ಮಾಡಿದ್ದಾರೆ, ರೀಬೂಟ್ ಮಾಡಿಲ್ಲ. ಓಡುತ್ತಿರುವುದು ಹಳೇ ಕರ್ನಲ್, ಅದರ ಮಾಡ್ಯೂಲ್‌ಗಳನ್ನು (ಡ್ರೈವರ್ ಫೈಲ್‌ಗಳನ್ನು) ಅಪ್‌ಡೇಟ್ ಅಳಿಸಿದೆ. 'ಯುನೇಮ್ -ಆರ್' ಹೇಳುವ ನಂಬರ್‌ನ ಫೋಲ್ಡರ್ /ಲಿಬ್/ಮಾಡ್ಯೂಲ್ಸ್ ಒಳಗೆ ಇದೆಯಾ ನೋಡಿ. ಇಲ್ಲದಿದ್ದರೆ ರೀಬೂಟ್ ಮಾಡಿ, ಸಮಸ್ಯೆ ಅಲ್ಲಿಗೆ ಮುಗಿಯುತ್ತದೆ.

ಫೈಲ್ ಇದೆ, ಆದರೆ ಅದು ಡಿವೈಸೇ ಅಲ್ಲ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗೊತ್ತಿಲ್ಲದಿದ್ದರೆ ಇಡೀ ದಿನ ತಲೆ ಕೆಡುತ್ತದೆ.

ರೂಟ್ (ಎಲ್ಲಾ ಅಧಿಕಾರ ಇರುವ ಬಳಕೆದಾರ) ಆಗಿ ಕೂತು 'ಡಿಡಿ' ಕಮಾಂಡ್‌ನಲ್ಲಿ ಒಂದು ಇಮೇಜ್ (ಇಡೀ ಡಿಸ್ಕ್‌ನ ನಕಲು ಇರುವ ಫೈಲ್) ಅನ್ನು /ಡೆವ್/ಎಸ್‌ಡಿಬಿಗೆ ಬರೆಯುತ್ತೀರಿ. ಆದರೆ ಪೆನ್‌ಡ್ರೈವ್ ಸರಿಯಾಗಿ ಕೂತಿರಲಿಲ್ಲ, ಆ ಹೆಸರೇ ಇರಲಿಲ್ಲ. ಡಿಡಿ ದೂರು ಹೇಳುವುದಿಲ್ಲ. ಆ ಹೆಸರಿನಲ್ಲಿ ಒಂದು ಮಾಮೂಲಿ ಫೈಲ್ ಮಾಡಿ ಅದರೊಳಗೆ ಬರೆದುಬಿಡುತ್ತದೆ. /ಡೆವ್ ಇರುವುದು ರ್‍ಯಾಮ್‌ನಲ್ಲಿ. ಹಾಗಾಗಿ ಬರವಣಿಗೆ ಭಾರಿ ವೇಗವಾಗಿ ಮುಗಿಯುತ್ತದೆ, ಮೆಮೊರಿ ತುಂಬುತ್ತದೆ, ಪೆನ್‌ಡ್ರೈವ್‌ನಲ್ಲಿ ಏನೂ ಇರುವುದಿಲ್ಲ. ಆಮೇಲೆ ಪೆನ್‌ಡ್ರೈವ್ ಸರಿಯಾಗಿ ಚುಚ್ಚಿದರೂ ಕರ್ನಲ್ ಎಸ್‌ಡಿಬಿ ಮಾಡಲು ಹೋಗಿ, ಆ ಹೆಸರು ಆಗಲೇ ಇದೆ ಅಂತ ಕೈಬಿಡುತ್ತದೆ. ಡಿಎಂಇಎಸ್‌ಜಿಯಲ್ಲಿ ಎಲ್ಲಾ ಸರಿ ಕಾಣುತ್ತದೆ. ಡಿಸ್ಕ್ ಮಾತ್ರ ತೆರೆಯುವುದಿಲ್ಲ.

ಗುರುತು ಹಿಡಿಯೋದು ಸುಲಭ. ಎಲ್‌ಎಸ್ ಸಾಲಿನ ಮೊದಲ ಜಾಗದಲ್ಲಿ 'ಬಿ' ಬದಲು ಒಂದು ಗೆರೆ ಇರುತ್ತದೆ, ಎರಡು ಅಂಕಿಯ ಬದಲು ದೊಡ್ಡ ಸೈಜ್ ಇರುತ್ತದೆ. ಆ ಸುಳ್ಳು ಫೈಲ್ ಅಳಿಸಿ, ಪೆನ್‌ಡ್ರೈವ್ ಕಿತ್ತು ಮತ್ತೆ ಹಾಕಿ. ಮುಂದೆ ಡಿಡಿ ಜೊತೆ 'ಕಾನ್ವ್=ನೋಕ್ರಿಯೇಟ್' ಸೇರಿಸುವುದನ್ನು ರೂಢಿ ಮಾಡಿಕೊಳ್ಳಿ. ನೋಕ್ರಿಯೇಟ್‌ನ ಕೊನೆಯಲ್ಲಿ 'ಇ' ಅಕ್ಷರ ಇಲ್ಲ, 'ಟಿ'ಗೆ ಮುಗಿಯುತ್ತದೆ. ಇದಿದ್ದರೆ ಹೆಸರು ಇಲ್ಲದಾಗ ಡಿಡಿ ಹೊಸ ಫೈಲ್ ಮಾಡದೆ ಎರರ್ ಕೊಟ್ಟು ನಿಲ್ಲುತ್ತದೆ.

ಬರೆದದ್ದನ್ನೆಲ್ಲ ಎಸೆದುಬಿಡುವ /ಡೆವ್/ನಲ್ ವಿಷಯದಲ್ಲೂ ಇದೇ ಆಗುತ್ತದೆ. ರೂಟ್ ಆಗಿ ಓಡುವ ಯಾವುದೋ ಸ್ಕ್ರಿಪ್ಟ್ ಅದನ್ನು ಅಳಿಸಿ, ಇನ್ಯಾವುದೋ ಪ್ರೋಗ್ರಾಂ ಅದೇ ಹೆಸರಿನಲ್ಲಿ ಮಾಮೂಲಿ ಫೈಲ್ ಮಾಡಿದರೆ, ಎಸೆಯಬೇಕಾದದ್ದೆಲ್ಲ ಅಲ್ಲಿ ಗುಡ್ಡೆ ಬೀಳುತ್ತದೆ. ರೂಟ್ ಅಲ್ಲದವರಿಗೆ ಎಲ್ಲಾ ಕಡೆ 'ಪರ್ಮಿಷನ್ ಡಿನೈಡ್' ಬರುತ್ತದೆ. ನಿಜವಾದ ನಲ್ ಕ್ಯಾರೆಕ್ಟರ್ ಡಿವೈಸ್, ನಂಬರ್ 1, 3. ಸುಳ್ಳು ಫೈಲ್ ಅಳಿಸಿ 'ಎಂಕೆನೋಡ್ -ಎಂ 666 /ಡೆವ್/ನಲ್ ಸಿ 1 3' ಹೊಡೆದರೆ ಮತ್ತೆ ಹುಟ್ಟುತ್ತದೆ. ಹೆಸರಿನ ಹಿಂದೆ ಇರುವುದು ಬರೀ ಅಂಕಿ ಅನ್ನೋದು ಇಲ್ಲಿ ಕಣ್ಣಿಗೆ ಕಾಣುತ್ತದೆ, ಅಲ್ವಾ?

ಹೆಸರು ಸರಿ ಇದೆ, ಆದರೆ ಅದು ಯಾರದ್ದು

'ಎಲ್‌ಎಸ್‌ಬಿಎಲ್‌ಕೆ -ಒ ನೇಮ್,ಸೈಜ್,ಮಾಡೆಲ್,ಸೀರಿಯಲ್' ಹೊಡೆಯಿರಿ. ಡಿಸ್ಕ್‌ನ ಮೈಮೇಲೆ ಅಂಟಿಸಿರುವ ಚೀಟಿಯ ಸೀರಿಯಲ್ ನಂಬರ್ ಜೊತೆ ಹೋಲಿಸಿ. ಡಿಸ್ಕ್ ಅಳಿಸುವ, ಬರೆಯುವ ಕೆಲಸ ಇದ್ದರೆ ಇದನ್ನು ಮಾಡದೆ ಮುಂದೆ ಹೋಗಬೇಡಿ. ಸೈಜ್ ಒಂದನ್ನೇ ನಂಬಬೇಡಿ. ಒಂದೇ ಸೈಜಿನ ಎರಡು ಡಿಸ್ಕ್ ಇರುವ ಕಂಪ್ಯೂಟರ್‌ಗಳು ಜಾಸ್ತಿ.

ಬದಲಾಗದ ಹೆಸರುಗಳು /ಡೆವ್/ಡಿಸ್ಕ್ ಒಳಗೆ ಇವೆ. ಯುಡೆವ್ ಇಲ್ಲಿ ಒಂದೇ ಡಿಸ್ಕ್‌ಗೆ ಬೇರೆ ಬೇರೆ ಗುರುತಿನಿಂದ ಲಿಂಕ್ ಮಾಡಿಡುತ್ತದೆ. 'ಬೈ-ಐಡಿ'ಯಲ್ಲಿ ಮಾಡೆಲ್ ಮತ್ತು ಸೀರಿಯಲ್ ನಂಬರ್. 'ಬೈ-ಪಾತ್'ನಲ್ಲಿ ಯಾವ ಪೋರ್ಟ್‌ನಲ್ಲಿ ಕೂತಿದೆ ಅನ್ನೋದು. 'ಬೈ-ಯುಯುಐಡಿ'ಯಲ್ಲಿ ಫಾರ್ಮ್ಯಾಟ್ ಮಾಡಿದಾಗ ಹುಟ್ಟಿದ ಗುರುತು. 'ಬೈ-ಲೇಬಲ್'ನಲ್ಲಿ ನೀವೇ ಇಟ್ಟ ಹೆಸರು. ಜಿಪಿಟಿ (ಈಗಿನ ಬಗೆಯ ಪಾರ್ಟಿಷನ್ ಪಟ್ಟಿ) ಇರುವ ಡಿಸ್ಕ್ ಆದರೆ ಪಾರ್ಟಿಷನ್‌ನ ಸ್ವಂತ ಗುರುತು 'ಬೈ-ಪಾರ್ಟ್‌ಯುಯುಐಡಿ'ಯಲ್ಲಿ. ಡಿಸ್ಕ್ ಎಲ್ಲಿಗೆ ಹೋದರೂ ಅದೇ ಬೇಕು ಅಂದರೆ ಐಡಿ. ಈ ಗೂಡಿನಲ್ಲಿ ಯಾವ ಡಿಸ್ಕ್ ಇದ್ದರೂ ಸರಿ ಅಂದರೆ ಪಾತ್. ಒಳಗಿನ ಫೈಲ್‌ಸಿಸ್ಟಮ್ ಬೇಕು ಅಂದರೆ ಯುಯುಐಡಿ.

ಮೌಂಟ್ ಪಟ್ಟಿ ಇರುವ /ಇಟಿಸಿ/ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ನನ್ನ ಆಯ್ಕೆ ಯಾವಾಗಲೂ ಯುಯುಐಡಿ. 'ಬಿಎಲ್‌ಕೆಐಡಿ' ಹೊಡೆದರೆ ಸಿಗುತ್ತದೆ. ಫೈಲ್‌ಸಿಸ್ಟಮ್ ಇಎಕ್ಸ್‌ಟಿ4 ಆದರೆ ಗೆರೆಗಳೂ ಸೇರಿ 36 ಅಕ್ಷರ. ಫ್ಯಾಟ್ ಆದರೆ ನಾಲ್ಕು, ಗೆರೆ, ಮತ್ತೆ ನಾಲ್ಕು. ಚಿಕ್ಕದಾಗಿ ಕಂಡರೆ ಗಾಬರಿ ಬೇಡ. ಬೂಟ್‌ಗೆ ಅಗತ್ಯ ಇಲ್ಲದ ಡಿಸ್ಕ್‌ನ ಸಾಲಿಗೆ 'ನೋಫೇಲ್' ಸೇರಿಸಿ. ನಮ್ಮ ಆ ಕಂಪ್ಯೂಟರ್‌ನ ಸಾಲಿನಲ್ಲಿ ಈ ಒಂದು ಪದ ಇದ್ದಿದ್ದರೆ ಎಮರ್ಜೆನ್ಸಿ ಮೋಡ್ ಬರುತ್ತಲೇ ಇರಲಿಲ್ಲ. ಡಿಸ್ಕ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಮೇಲೇಳುತ್ತಿತ್ತು, ನಾನು ಒಳಗೆ ಕೂತು ಆರಾಮಾಗಿ ನೋಡಬಹುದಿತ್ತು. ತಿದ್ದಿದ ಮೇಲೆ ರೀಬೂಟ್‌ಗೆ ಮುಂಚೆ 'ಫೈಂಡ್‌ಎಂಎನ್‌ಟಿ --ವೆರಿಫೈ' ಓಡಿಸಿ. ತಪ್ಪು ಸಾಲುಗಳನ್ನು ಅದು ಅಲ್ಲೇ ತೋರಿಸುತ್ತದೆ.

ಯುಯುಐಡಿಯೂ ಎರಡು ಕಡೆ ಕೈಕೊಡುತ್ತದೆ. ಒಂದು, ಮತ್ತೆ ಫಾರ್ಮ್ಯಾಟ್ ಮಾಡಿದರೆ ಹೊಸ ಯುಯುಐಡಿ ಹುಟ್ಟುತ್ತದೆ. ಸ್ವಾಪ್ (ರ್‍ಯಾಮ್ ಸಾಲದಾಗ ಬಳಸುವ) ಪಾರ್ಟಿಷನ್ ಅನ್ನು ಇನ್ನೊಂದು ಲಿನಕ್ಸ್ ಇನ್‌ಸ್ಟಾಲರ್ ಕೇಳದೆ ಮತ್ತೆ ಫಾರ್ಮ್ಯಾಟ್ ಮಾಡಿ, ಹಳೇ ಲಿನಕ್ಸ್ ಬೂಟ್‌ನಲ್ಲಿ 90 ಸೆಕೆಂಡ್ ಕಾಯುವುದು ಇದರಿಂದಲೇ. ಎರಡು, ಡಿಸ್ಕ್ ಅನ್ನು ಇದ್ದದ್ದು ಇದ್ದ ಹಾಗೆ ನಕಲು ಮಾಡಿದರೆ ಯುಯುಐಡಿಯೂ ನಕಲಾಗುತ್ತದೆ. ಎರಡೂ ಡಿಸ್ಕ್ ಒಟ್ಟಿಗೆ ಚುಚ್ಚಿದರೆ ಲಿಂಕ್ ಯಾವ ಕಡೆ ತೋರಿಸುತ್ತದೆ ಅಂತ ಹೇಳಲಾಗದು. ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಮ್ ಆದರೆ ಎರಡನೆಯದನ್ನು ಮೌಂಟ್ ಮಾಡಲು ಒಪ್ಪುವುದೇ ಇಲ್ಲ, ಕಾರಣವನ್ನು ಡಿಎಂಇಎಸ್‌ಜಿಯಲ್ಲಿ ಬರೆಯುತ್ತದೆ. ಇಎಕ್ಸ್‌ಟಿ4 ಸುಮ್ನೆ ಒಪ್ಪಿಕೊಳ್ಳುತ್ತದೆ. ನನ್ನ ಪ್ರಕಾರ ಅದೇ ಹೆಚ್ಚು ಅಪಾಯ, ಏಕೆಂದರೆ ನೀವು ದಿನಗಟ್ಟಲೆ ತಪ್ಪು ಡಿಸ್ಕ್‌ಗೆ ಬರೆಯುತ್ತಿರಬಹುದು. ನಕಲು ಮಾಡಿದ ಕೂಡಲೇ, ಮೌಂಟ್ ಮಾಡದೆ, ನಕಲಿನ ಮೇಲೆ 'ಟ್ಯೂನ್2ಎಫ್‌ಎಸ್ -ಯು ರ್‍ಯಾಂಡಮ್' ಹೊಡೆಯಿರಿ. 'ಯು' ದೊಡ್ಡಕ್ಷರ. ಎಕ್ಸ್‌ಎಫ್‌ಎಸ್‌ಗೆ 'ಎಕ್ಸ್‌ಎಫ್‌ಎಸ್_ಅಡ್ಮಿನ್ -ಯು ಜನರೇಟ್', ಇಲ್ಲೂ 'ಯು' ದೊಡ್ಡಕ್ಷರವೇ.

'ಬೈ-ಐಡಿ'ಯಲ್ಲೂ ಒಂದು ತೊಡಕಿದೆ. ಕೆಲವು ಯುಎಸ್‌ಬಿ ಡಿಸ್ಕ್ ಪೆಟ್ಟಿಗೆಗಳು ಒಳಗಿನ ಡಿಸ್ಕ್‌ನ ಸೀರಿಯಲ್ ಬದಲು ತಮ್ಮದೇ ನಂಬರ್ ಹೇಳುತ್ತವೆ. ಡಿಸ್ಕ್ ಬದಲಿಸಿದರೂ ಹೆಸರು ಅದೇ ಇರುತ್ತದೆ.

ಎನ್‌ವಿಎಂಇ: ಓದೋದು ಬೇರೆ ರೀತಿ

ಎನ್‌ವಿಎಂಇ ಅನ್ನೋದು ವೇಗದ ಎಸ್‌ಎಸ್‌ಡಿ ಜಾತಿ. ಎನ್‌ವಿಎಂಇ0ಎನ್1ಪಿ2 ಅಂದರೆ ಕಂಟ್ರೋಲರ್ 0, ನೇಮ್‌ಸ್ಪೇಸ್ 1, ಪಾರ್ಟಿಷನ್ 2. ಡಿಸ್ಕ್ ಹೆಸರು ಅಂಕಿಯಲ್ಲಿ ಮುಗಿದರೆ ಪಾರ್ಟಿಷನ್ ನಂಬರ್‌ಗೆ ಮುಂಚೆ ಒಂದು 'ಪಿ' ಬರುತ್ತದೆ. ಮೆಮೊರಿ ಕಾರ್ಡ್‌ನ ಎಂಎಂಸಿಬಿಎಲ್‌ಕೆ0ಪಿ1 ಕೂಡ ಹೀಗೇ. ಹಳೇ ಸ್ಕ್ರಿಪ್ಟ್‌ಗಳು ಡಿಸ್ಕ್ ಹೆಸರಿಗೆ ನೇರವಾಗಿ '1' ಅಂಟಿಸಿ ಎನ್‌ವಿಎಂಇ0ಎನ್11 ಅಂತ ಹುಡುಕಿ ಸೋಲುತ್ತವೆ. ಬರೀ ಎನ್‌ವಿಎಂಇ0 ಅನ್ನೋದು ಕಂಟ್ರೋಲರ್, ಕ್ಯಾರೆಕ್ಟರ್ ಡಿವೈಸ್. ಅದನ್ನು ಫಾರ್ಮ್ಯಾಟ್ ಕಮಾಂಡ್‌ಗೆ ಕೊಟ್ಟರೆ ಇದು ಬ್ಲಾಕ್ ಡಿವೈಸ್ ಅಲ್ಲ ಅಂತ ಎರರ್ ಬರುತ್ತದೆ. ಡಿಸ್ಕ್ ಕೆಟ್ಟಿಲ್ಲ, ಹೆಸರು ಅರ್ಧ ಆಗಿದೆ. ಎರಡು ಎನ್‌ವಿಎಂಇ ಇದ್ದರೆ 0 ಮತ್ತು 1 ಅದಲುಬದಲಾಗಬಹುದು, ಅದೂ ಟೋಕನ್ನೇ.

ಸೀರಿಯಲ್ ಪೋರ್ಟ್: ಅತಿ ಹೆಚ್ಚು ಕಾಡುವುದು ಇದೇ

ಯುಎಸ್‌ಬಿಗೆ ಚುಚ್ಚಿದ, ಸೀರಿಯಲ್ ಪೋರ್ಟ್ ಆಗಿ ಕಾಣುವ ಬೋರ್ಡ್ ಒಂದನ್ನು ಕಿತ್ತು ಹಾಕಿದ ಮೇಲೆ ಟಿಟಿವೈಯುಎಸ್‌ಬಿ0 ಇದ್ದದ್ದು ಟಿಟಿವೈಯುಎಸ್‌ಬಿ1 ಆಗಿದೆ. ಕಾರಣ ಹೆಚ್ಚಾಗಿ ಹೀಗಿರುತ್ತದೆ: ಯಾವುದೋ ಪ್ರೋಗ್ರಾಂ ಹಳೇ ಪೋರ್ಟ್ ಅನ್ನು ತೆರೆದೇ ಇಟ್ಟುಕೊಂಡಿದೆ. ಅದು ಬಿಡುವ ತನಕ 0 ಖಾಲಿ ಅಂತ ಕರ್ನಲ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆ ಪೋರ್ಟ್ ಬಳಸುವ ಪ್ರೋಗ್ರಾಂಗಳನ್ನೆಲ್ಲ ಮುಚ್ಚಿ, ಬೋರ್ಡ್ ಕಿತ್ತು, ಮತ್ತೆ ಹಾಕಿ. 0 ವಾಪಸ್ ಬರುತ್ತದೆ. ಯುಎಸ್‌ಬಿ ಡಿಸ್ಕ್ ಅನ್ನು ಅನ್‌ಮೌಂಟ್ ಮಾಡದೆ ಕಿತ್ತಾಗ ಎಸ್‌ಡಿಬಿ ಇದ್ದದ್ದು ಎಸ್‌ಡಿಸಿ ಆಗುವುದೂ ಇದೇ ಕಾರಣಕ್ಕೆ.

ಶಾಶ್ವತ ದಾರಿ /ಡೆವ್/ಸೀರಿಯಲ್/ಬೈ-ಐಡಿ. ಒಂದೇ ಮಾಡೆಲ್‌ನ ಎರಡು ಬೋರ್ಡ್ ಇದ್ದು, ಅವುಗಳ ಚಿಪ್‌ಗೆ ಸೀರಿಯಲ್ ನಂಬರೇ ಇಲ್ಲದಿದ್ದರೆ ಅಲ್ಲಿ ಒಂದೇ ಲಿಂಕ್ ಕಾಣುತ್ತದೆ. ಅಗ್ಗದ ಸಿಎಚ್340 ಯುಎಸ್‌ಬಿ-ಸೀರಿಯಲ್ ಚಿಪ್‌ಗಳಲ್ಲಿ ಇದು ಮಾಮೂಲು. ಆಗ 'ಬೈ-ಪಾತ್' ಬಳಸಿ, ಯಾವ ಬೋರ್ಡ್ ಯಾವ ಪೋರ್ಟ್‌ಗೆ ಅಂತ ಚೀಟಿ ಅಂಟಿಸಿ. ಬೇರೆ ದಾರಿ ಇಲ್ಲ.

ನಿಮ್ಮದೇ ಹೆಸರು ಬೇಕು ಅಂದರೆ ಯುಡೆವ್ ರೂಲ್ ಬರೆಯಬೇಕು, ಅಂದರೆ ಇಂಥ ಸಾಧನ ಬಂದರೆ ಹೀಗೆ ಮಾಡು ಅನ್ನೋ ಸಾಲು. 'ಯುಡೆವ್‌ಎಡಿಎಂ ಇನ್ಫೋ -ಎ -ಎನ್ /ಡೆವ್/ಟಿಟಿವೈಯುಎಸ್‌ಬಿ0' ಹೊಡೆದರೆ ಸಾಧನ, ಅದರ ಮೇಲಿನದು, ಅದರ ಮೇಲಿನದು ಅಂತ ಒಂದೊಂದೇ ಬ್ಲಾಕ್ ಆಗಿ ವಿವರ ಬರುತ್ತದೆ. ಬಹಳ ಜನ ಎಡವುವುದು ಇಲ್ಲೇ. ಕಂಪನಿ ನಂಬರ್ ಒಂದು ಬ್ಲಾಕ್‌ನಿಂದ, ಇನ್ನೇನೋ ವಿವರ ಅದರ ಮೇಲಿನ ಬ್ಲಾಕ್‌ನಿಂದ ತೆಗೆದು ಒಂದೇ ರೂಲ್‌ಗೆ ಸೇರಿಸುತ್ತಾರೆ. ಒಂದು ರೂಲ್‌ನಲ್ಲಿ ಸಾಧನದ ಸ್ವಂತ ವಿವರದ ಜೊತೆ ಮೇಲಿನ ಒಂದೇ ಒಂದು ಬ್ಲಾಕ್‌ನ ವಿವರ ಇರಬಹುದು. ಬೆರೆಸಿದರೆ ರೂಲ್ ಯಾವತ್ತೂ ಹೊಂದುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಎಫ್‌ಟಿಡಿಐ ಚಿಪ್‌ನ ಕೇಬಲ್ ಆದರೆ ಕಂಪನಿ 0403, ಮಾಡೆಲ್ 6001, ಸೀರಿಯಲ್ ನಂಬರ್, ಮೂರೂ ಒಂದೇ ಯುಎಸ್‌ಬಿ ಬ್ಲಾಕ್‌ನಲ್ಲಿ ಸಿಗುತ್ತವೆ. ಆ ಮೂರು ಸಾಕು.

ಎರಡನೇ ತಪ್ಪು ಸಮಚಿಹ್ನೆಯದು. ಹೋಲಿಸಲು ಎರಡು ಸಮಚಿಹ್ನೆ, ಕೊಡಲು ಒಂದು. ಹೋಲಿಸಬೇಕಾದ ಕಡೆ ಒಂದೇ ಹಾಕಿದರೆ ರೂಲ್ ನೀವು ಅಂದುಕೊಂಡ ಹಾಗೆ ನಡೆಯುವುದಿಲ್ಲ. ಹೆಸರು ಕೊಡುವ ಕಡೆ 'ಸಿಮ್‌ಲಿಂಕ್' ಪದದ (ಪೂರ್ತಿ ದೊಡ್ಡಕ್ಷರ) ಜೊತೆ ಪ್ಲಸ್ ಮತ್ತು ಸಮಚಿಹ್ನೆ ಎರಡೂ ಇರಲಿ, ಇಲ್ಲದಿದ್ದರೆ ಬೇರೆ ರೂಲ್ ಮಾಡಿದ ಲಿಂಕ್‌ಗಳು ಹೋಗುತ್ತವೆ. ಟಿಟಿವೈಯುಎಸ್‌ಬಿ0 ಅನ್ನೋ ಮೂಲ ಹೆಸರನ್ನೇ ಬದಲಿಸಲು ಹೋಗಬೇಡಿ. ಯುಡೆವ್ ಹಾಗೆ ಹೆಸರು ಬದಲಿಸುವುದು ನೆಟ್‌ವರ್ಕ್ ಕಾರ್ಡ್‌ಗಳಿಗೆ ಮಾತ್ರ. ಅವುಗಳಿಗೆ /ಡೆವ್‌ನಲ್ಲಿ ಫೈಲೇ ಇರುವುದಿಲ್ಲ, ಅಲ್ಲಿ ಹುಡುಕಬೇಡಿ. ರೂಲ್ ಬರೆದ ಮೇಲೆ 'ಯುಡೆವ್‌ಎಡಿಎಂ ಕಂಟ್ರೋಲ್ --ರೀಲೋಡ್', ಆಮೇಲೆ ಸಾಧನ ಕಿತ್ತು ಹಾಕಿ.

'ಪರ್ಮಿಷನ್ ಡಿನೈಡ್' ಬಂದರೆ ಎಲ್‌ಎಸ್ ಸಾಲಿನಲ್ಲಿ ಗ್ರೂಪ್ ಹೆಸರು ನೋಡಿ. ಡೆಬಿಯನ್, ಉಬುಂಟುನಲ್ಲಿ ಡಯಲ್‌ಔಟ್, ಆರ್ಚ್‌ನಲ್ಲಿ ಯುಯುಸಿಪಿ. ಆ ಗ್ರೂಪ್‌ಗೆ ನಿಮ್ಮನ್ನು ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಹೊಸ ಟರ್ಮಿನಲ್ ತೆರೆದರೆ ಸಾಲದು. ಡಿಸ್ಕ್‌ಗಳ ವಿಷಯದಲ್ಲಿ ಮಾತ್ರ ಈ ಉಪಾಯ ಬೇಡ. 'ಡಿಸ್ಕ್' ಗ್ರೂಪ್‌ಗೆ ಸೇರಿದವರು ಇಡೀ ಡಿಸ್ಕ್ ಅನ್ನು ನೇರವಾಗಿ ಓದಬಹುದು, ಬರೆಯಬಹುದು. ಅದು ರೂಟ್ ಕೊಟ್ಟಂತೆಯೇ.

ಪೋರ್ಟ್ ಬಂದು ಕೆಲವು ಸೆಕೆಂಡ್ 'ಬ್ಯುಸಿ' ಅಂದರೆ ಮೋಡೆಮ್‌ಮ್ಯಾನೇಜರ್ ಇದು ಮೋಡೆಮ್ ಇರಬಹುದಾ ಅಂತ ವಿಚಾರಿಸುತ್ತಿದೆ. ಪೋರ್ಟ್ ಹುಟ್ಟಿದ ಕೂಡಲೇ ಮಾಯವಾದರೆ ಡಿಎಂಇಎಸ್‌ಜಿಯಲ್ಲಿ ಬಿಆರ್‌ಎಲ್‌ಟಿಟಿವೈ ಹೆಸರು ಹುಡುಕಿ. ಅದು ಬ್ರೈಲ್ ಪರದೆಗಳ ಪ್ರೋಗ್ರಾಂ. ಕೆಲವು ಬ್ರೈಲ್ ಸಾಧನಗಳಲ್ಲಿ ಇದೇ ಸಿಎಚ್340 ಚಿಪ್ ಇರುವುದರಿಂದ ನಿಮ್ಮ ಬೋರ್ಡ್ ಅನ್ನೂ ಅದು ತನ್ನದು ಅಂತ ಹಿಡಿದುಕೊಳ್ಳುತ್ತದೆ. ಆ ಕಂಪ್ಯೂಟರ್‌ನಲ್ಲಿ ಬ್ರೈಲ್ ಬಳಸುವವರು ಇದ್ದರೆ ಪ್ರೋಗ್ರಾಂ ತೆಗೆಯಬೇಡಿ. ಆ ಒಂದು ಚಿಪ್‌ನ ರೂಲ್ ಮಾತ್ರ ನಿಲ್ಲಿಸಿ.

ಲಿನಕ್ಸ್ ಅಲ್ಲದ ಕಡೆ

ಮ್ಯಾಕ್‌ನಲ್ಲಿ ಪ್ರತಿ ಸೀರಿಯಲ್ ಪೋರ್ಟ್‌ಗೂ ಎರಡು ಫೈಲ್: ಒಂದು 'ಟಿಟಿವೈ' ಅಂತ ಶುರು, ಇನ್ನೊಂದು 'ಸಿಯು' ಅಂತ. ಟಿಟಿವೈ ತೆರೆದರೆ ಆ ಕಡೆಯಿಂದ ಕ್ಯಾರಿಯರ್ ಸಿಗ್ನಲ್ ಬರುವ ತನಕ ಕಾಯುತ್ತದೆ, ಪ್ರೋಗ್ರಾಂ ನಿಂತುಬಿಟ್ಟಂತೆ ಕಾಣುತ್ತದೆ. ಸಿಯು ಬಳಸಿ. ಡಿಸ್ಕ್‌ಗಳಿಗೂ ಹಾಗೇ, ಡಿಸ್ಕ್2 ಜೊತೆ ಆರ್‌ಡಿಸ್ಕ್2 ಇರುತ್ತದೆ. ಇಮೇಜ್ ಬರೆಯಲು 'ಆರ್' ಇರುವುದು ತುಂಬಾ ವೇಗ.

ಫ್ರೀಬಿಎಸ್‌ಡಿಯಲ್ಲಿ ಸಾಟಾ ಡಿಸ್ಕ್ ಎಡಿಎ0, ಯುಎಸ್‌ಬಿ ಡಿಸ್ಕ್ ಡಿಎ0. ಡಿಸ್ಕ್‌ಗೂ ಮೊದಲ ಅಕ್ಷರ 'ಸಿ' ಅಂತಲೇ ಕಾಣುತ್ತದೆ. ಅದು ದೋಷ ಅಲ್ಲ, ಅವರು ಬ್ಲಾಕ್ ಡಿವೈಸ್ ಅನ್ನೋ ಜಾತಿಯನ್ನೇ ಬಿಟ್ಟು ಬಹಳ ವರ್ಷ ಆಯಿತು. ಓಪನ್‌ಬಿಎಸ್‌ಡಿಯಲ್ಲಿ ಈಗಲೂ ಫೈಲ್‌ಗಳನ್ನು ಮುಂಚೆಯೇ ಮಾಡಿಡುವ ಮೇಕ್‌ಡೆವ್ ಸ್ಕ್ರಿಪ್ಟ್ ಇದೆ. ಅಲ್ಲಿ ಎಸ್‌ಡಿ0ಸಿ ಅಂದರೆ ಮೂರನೇ ಪಾರ್ಟಿಷನ್ ಅಲ್ಲ, ಇಡೀ ಡಿಸ್ಕ್. ಲಿನಕ್ಸ್‌ನಿಂದ ಹೋದವರು ಇದನ್ನು ನೆನಪಿಡಬೇಕು.

ವಿಂಡೋಸ್‌ನಲ್ಲಿ ಸೀರಿಯಲ್ ಪೋರ್ಟ್‌ಗಳ ಹೆಸರು ಕಾಮ್1, ಕಾಮ್2 ಹೀಗೆ. ಕಾಮ್9 ತನಕ ಹೆಸರು ನೇರವಾಗಿ ನಡೆಯುತ್ತದೆ. ಕಾಮ್10ರಿಂದ ಮುಂದೆ ಹೆಸರಿಗೆ ಮೊದಲು ಎರಡು ಹಿಂದೋರೆ ಗೆರೆ, ಒಂದು ಚುಕ್ಕೆ, ಇನ್ನೊಂದು ಹಿಂದೋರೆ ಗೆರೆ ಸೇರಿಸಬೇಕು: \\.\ಕಾಮ್10. ಹಳೇ ಪ್ರೋಗ್ರಾಂ ಕಾಮ್3ರಲ್ಲಿ ಓಡಿ ಕಾಮ್12ರಲ್ಲಿ ಸೋತರೆ ಇದೇ ಕಾರಣ. ಪ್ರೋಗ್ರಾಂ ತಿದ್ದಲು ಆಗದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಆ ಪೋರ್ಟ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್‌ಗೆ ಹೋಗಿ 9ರ ಒಳಗಿನ ಖಾಲಿ ನಂಬರ್ ಕೊಡಿ.